ಯಂತ್ರ ಹೂಡಿದ ಮುಷ್ಟಿಕಾಳಗ

ಹಳಬರು ಹೆಚ್ಚೋ ಹೊಸಬರು ಹೆಚ್ಚೋ ಎಂಬ ವಾದ ಆಟವಿರುವ ಕಡೆಯಲ್ಲೆಲ್ಲ ಉಂಟು. ಓಟಗಾರರ ವಿಷಯದಲ್ಲಿ ಗಡಿಯಾರ ಸಾಕ್ಷಿ ಹೇಳುತ್ತದೆ. ಜಿಗಿಯುವವರ ವಿಷಯದಲ್ಲಿ ಅಳತೆಪಟ್ಟಿ ಹೇಳುತ್ತದೆ. ಮುಷ್ಟಿಕಾಳಗದಲ್ಲಿ ಅಂಥ ಸಾಕ್ಷಿಯಿಲ್ಲ. ಒಬ್ಬನ ಬಲ ತಿಳಿಯಬೇಕಾದರೆ ಎದುರಿಗೆ ಇನ್ನೊಬ್ಬನಿರಬೇಕು. ಆ ಇನ್ನೊಬ್ಬ ಬೇರೆ ಕಾಲದವನಾದರೆ ವಾದ ಮುಗಿಯುವುದೆಂತು? ಅಮೆರಿಕದಲ್ಲಿ ಹೆವಿವೆಯ್ಟ್ ವರ್ಗದ, ಎಂದರೆ ಎಲ್ಲಕ್ಕಿಂತ ಭಾರಿ ತೂಕದ ಜಗಜ್ಜಟ್ಟಿಗಳನ್ನು ಕುರಿತ ಈ ಚರ್ಚೆಯನ್ನು ತೀರ್ಮಾನಿಸಲು 1967ರಲ್ಲಿ ಗಣಕಯಂತ್ರವೊಂದರ ಮೊರೆಹೊಕ್ಕರು. ಆ ಪ್ರಯತ್ನ ನಡೆದದ್ದು ರೇಡಿಯೋದಲ್ಲಿ ಎಂಬುದು ನಮ್ಮ ಶ್ರೋತೃಗಳಿಗೆ ವಿಶೇಷವಾಗಿ ತೋರಬಹುದು.

ಮಿಯಾಮಿ ನಗರದ ರೇಡಿಯೋ ನಿರ್ಮಾಪಕ ಮರ್ರಿ ವೊರೋನರ್ ಎಂಬಾತನ ಯೋಜನೆ ಇದು. ಆತ ಬೇರೆಬೇರೆ ಕಾಲದ ಹದಿನಾರು ಮಂದಿ ಜಟ್ಟಿಗಳನ್ನು ಆರಿಸಿಕೊಂಡ. ಒಬ್ಬೊಬ್ಬನ ವೇಗವೆಷ್ಟು, ಪೆಟ್ಟಿನ ಬಲವೆಷ್ಟು, ಪೆಟ್ಟು ತಿಂದು ನಿಲ್ಲುವ ಶಕ್ತಿಯೆಷ್ಟು ಎಂದು ಮುಷ್ಟಿಕಾಳಗವನ್ನು ಬಲ್ಲವರನ್ನು ಕೇಳಿ, ಅವರ ಉತ್ತರಗಳನ್ನು ಅಂಕಿಗಳಾಗಿಸಿ ಯಂತ್ರಕ್ಕೆ ಉಣಿಸಿದ. ಯಂತ್ರ ಕೊಟ್ಟ ಫಲಿತಾಂಶವನ್ನು ಕಣದ ಪಕ್ಕದಲ್ಲಿಯೇ ಕುಳಿತು ನೋಡುತ್ತಿರುವಂತೆ ವೀಕ್ಷಕವಿವರಣೆಯ ರೂಪದಲ್ಲಿ ಪ್ರಸಾರ ಮಾಡಿದರು. ಎಂದೂ ನಡೆಯದ ಕಾಳಗಕ್ಕೆ ಜನ ಕಿವಿಗೊಟ್ಟು ಕುಳಿತರು. ಕೊನೆಯ ಪಂದ್ಯದಲ್ಲಿ ರಾಕಿ ಮಾರ್ಸಿಯಾನೋ ಹದಿಮೂರನೆಯ ಸುತ್ತಿನಲ್ಲಿ ಜ್ಯಾಕ್ ಡೆಂಪ್ಸಿಯನ್ನು ಕೆಡವಿದನೆಂದು ಯಂತ್ರ ಸಾರಿತು. ಮಾರ್ಸಿಯಾನೋ ನಿಜಜೀವನದಲ್ಲಿಯೂ ವೃತ್ತಿಯ 49 ಕಾಳಗಗಳಲ್ಲಿ ಒಂದನ್ನೂ ಸೋಲದೆ ನಿವೃತ್ತನಾದವನು.

ಈ ವಿನೋದದಲ್ಲಿ ಒಬ್ಬನಿಗೆ ಮಾತ್ರ ನಗು ಬರಲಿಲ್ಲ. ಮುಹಮ್ಮದ್ ಅಲಿಯನ್ನು ಯಂತ್ರ ಆರಂಭದ ಸುತ್ತುಗಳಲ್ಲಿಯೇ ಜಿಮ್ ಜೆಫ್ರೀಸನ ಕೈಯಲ್ಲಿ ಸೋಲಿಸಿತ್ತು. ಸೈನ್ಯಕ್ಕೆ ಸೇರಲೊಲ್ಲೆನೆಂದುದಕ್ಕಾಗಿ ಅದೇ 1967ರಲ್ಲಿ ಅಲಿಯ ಪಟ್ಟವನ್ನು ಕಿತ್ತುಕೊಂಡು, ಕಣಕ್ಕಿಳಿಯದಂತೆ ಮಾಡಿದ್ದರು. ಕೈಕಟ್ಟಿ ಕೂರಿಸಿದ ಮೇಲೆ ಕಾಗದದ ಮೇಲೂ ಸೋಲಿಸಿದರೆ ಹೇಗಾಗಬೇಡ! ಅದರಲ್ಲಿಯೂ ಜೆಫ್ರೀಸ್ ಎಂಥವನು? ತಾನು ಪಟ್ಟದಲ್ಲಿದ್ದಾಗ ಕರಿಯ ಜಟ್ಟಿ ಜ್ಯಾಕ್ ಜಾನ್ಸನ್ನನ ಸವಾಲಿಗೆ ಒಪ್ಪದವನು. ಮುಂದೆ ಜಾನ್ಸನ್ ಜಗಜ್ಜಟ್ಟಿಯಾದಾಗ, ಬಿಳಿಯರ ಮಾನ ಉಳಿಸೆಂದು ಜನ ನಿವೃತ್ತ ಜೆಫ್ರೀಸನನ್ನು ಕರೆತಂದರು. 1910ರ ಜುಲೈ 4ರಂದು ರೀನೋ ಪಟ್ಟಣದಲ್ಲಿ ಜಾನ್ಸನ್ ಅವನನ್ನು ಹದಿನೈದನೆಯ ಸುತ್ತಿನಲ್ಲಿ ಸೋಲಿಸಿದ. ಅಲಿ ತನಗೆ ಮಾನಹಾನಿಯಾಯಿತೆಂದು ಹತ್ತು ಲಕ್ಷ ಡಾಲರಿನ ದಾವೆ ಹೂಡಿದ್ದರಲ್ಲಿ ಆಶ್ಚರ್ಯವಿಲ್ಲ.

ದಾವೆ ರಾಜಿಯಲ್ಲಿ ಮುಗಿಯಿತು. ರಾಜಿಯಿಂದ ಒಂದು ಚಲನಚಿತ್ರ ಹುಟ್ಟಿತು. 1969ರಲ್ಲಿ ಅಲಿಯೂ ಮಾರ್ಸಿಯಾನೋನೂ ಮಿಯಾಮಿಯಲ್ಲಿ ಕ್ಯಾಮರಾದ ಮುಂದೆ ಒಂದೊಂದು ನಿಮಿಷದ ಸುಮಾರು ಎಪ್ಪತ್ತು ಸುತ್ತುಗಳನ್ನು ಆಡಿದರು. ಅಲಿಗೆ ಆಗ 27 ವರ್ಷ, ಮಾರ್ಸಿಯಾನೋಗೆ 45. ಮೈ ಇಳಿಸಿ, ತಲೆಗೆ ಕೃತಕ ಕೂದಲು ಧರಿಸಿ ಆತ ಬಂದಿದ್ದ. ಹಲವು ಬಗೆಯ ಮುಕ್ತಾಯಗಳನ್ನು ಚಿತ್ರಿಸಿಕೊಂಡರು. ಚಿತ್ರ ತೆರೆ ಕಾಣುವ ಮೊದಲೇ, ಆಗಸ್ಟ್ 31ರಂದು, ಮಾರ್ಸಿಯಾನೋ ವಿಮಾನಾಪಘಾತದಲ್ಲಿ ತೀರಿಕೊಂಡ. 1970ರ ಜನವರಿ 20ರಂದು ಅಮೆರಿಕದ ಪ್ರೇಕ್ಷಕರು ಕಂಡದ್ದು ಅವನ ಗೆಲುವನ್ನು. ಯೂರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದವನು ಅಲಿ. ಕಾಳಗ ಒಂದೇ, ಗೆದ್ದವರು ಇಬ್ಬರು!

ಹಾಗಾದರೆ ಯಂತ್ರ ಸುಳ್ಳು ಹೇಳಿತೆ? ಇಲ್ಲ. ಅದು ತನ್ನ ಬುದ್ಧಿಯಿಂದ ಏನನ್ನೂ ಹೇಳಲಿಲ್ಲ, ಅಷ್ಟೆ. ಪೆಟ್ಟಿನ ಬಲಕ್ಕೆ ಅಂಕಿ ಕೊಟ್ಟವರು ಮನುಷ್ಯರು. ಅವರ ಮೆಚ್ಚಿಕೆಯೇ ಸುತ್ತಿ ಬಂದು ತೀರ್ಪೆನಿಸಿತು.

ಇನ್ನು ನಿಯಮಗಳ ಮಾತು. 1919ರಲ್ಲಿ ಡೆಂಪ್ಸಿ ದೈತ್ಯಗಾತ್ರದ ಜೆಸ್ ವಿಲ್ಲರ್ಡನನ್ನು ಮೊದಲ ಸುತ್ತಿನಲ್ಲಿಯೇ ಏಳು ಸಲ ಕೆಡವಿದ. ಬಿದ್ದವನ ಪಕ್ಕದಲ್ಲಿಯೇ ನಿಂತು, ಅವನು ಏಳುತ್ತಿದ್ದಂತೆ ಮತ್ತೆ ಹೊಡೆಯಲು ಆಗ ಅಡ್ಡಿಯಿರಲಿಲ್ಲ. 1927ರಲ್ಲಿ ಷಿಕಾಗೋದಲ್ಲಿ ಜೀನ್ ಟನ್ನಿಯನ್ನು ಕೆಡವಿದಾಗ ಕಟ್ಟಳೆ ಬದಲಾಗಿತ್ತು. ಕೆಡವಿದವನು ದೂರದ ಮೂಲೆಗೆ ಹೋಗುವ ತನಕ ರೆಫರಿ ಎಣಿಸುವಂತಿರಲಿಲ್ಲ. ಡೆಂಪ್ಸಿ ತಡಮಾಡಿದ, ಟನ್ನಿ ಸುಧಾರಿಸಿಕೊಂಡು ಎದ್ದ, ಕೊನೆಗೆ ಗೆದ್ದ. ಎಂಟೇ ವರ್ಷಗಳಲ್ಲಿ ಒಬ್ಬನೇ ಮನುಷ್ಯನಿಗೆ ಇಷ್ಟು ವ್ಯತ್ಯಾಸ! ಸುತ್ತುಗಳೂ ಹಾಗೆಯೇ. 1915ರಲ್ಲಿ ಹವಾನಾದಲ್ಲಿ ಜಾನ್ಸನ್ ಪಟ್ಟ ಕಳೆದುಕೊಂಡದ್ದು ಇಪ್ಪತ್ತಾರನೆಯ ಸುತ್ತಿನಲ್ಲಿ. ಇಂದಿನ ಪಟ್ಟದ ಕಾಳಗಕ್ಕೆ ಹನ್ನೆರಡೇ ಸುತ್ತು. ಮಾರ್ಸಿಯಾನೋನ ತೂಕ ಸುಮಾರು 185 ಪೌಂಡು. ಇಂದಾಗಿದ್ದರೆ ಆತ 200 ಪೌಂಡಿನ ಮಿತಿಯುಳ್ಳ ಕೆಳಗಿನ ವರ್ಗಕ್ಕೆ ಸೇರುತ್ತಿದ್ದ.

ಕಣಕ್ಕೇ ಬರಗೊಡದವರನ್ನೂ ನೆನೆಯಬೇಕು. ಜಾನ್ಸನ್ ಸೋತ ಮೇಲೆ 1937ರಲ್ಲಿ ಜೋ ಲೂಯಿ ಗೆಲ್ಲುವ ತನಕ ಯಾವ ಕರಿಯನಿಗೂ ಹೆವಿವೆಯ್ಟ್ ಪಟ್ಟಕ್ಕಾಗಿ ಹೋರಾಡುವ ಅವಕಾಶ ಸಿಗಲಿಲ್ಲ. ಹ್ಯಾರಿ ವಿಲ್ಸ್ ಎಂಬಾತ ಡೆಂಪ್ಸಿಗಾಗಿ ವರ್ಷಗಟ್ಟಲೆ ಕಾದು ಕುಳಿತ. ಕಾಳಗ ನಡೆಯಲೇ ಇಲ್ಲ. ಇವರಿಬ್ಬರೂ ಒಂದೇ ಕಾಲದವರು ಎಂಬುದನ್ನು ಗಮನಿಸಬೇಕು.

ಹಾಗೆಂದು ಇಂಥ ವಾದ ವ್ಯರ್ಥವಲ್ಲ. ಹಳೆಯ ಜಟ್ಟಿಗಳ ಹೆಸರು ಉಳಿದಿರುವುದರಲ್ಲಿ ಅದರ ಪಾಲೂ ಉಂಟು. ಆದರೆ ಅಲಿ ಗೆಲ್ಲುತ್ತಿದ್ದನೋ ಮಾರ್ಸಿಯಾನೋ ಗೆಲ್ಲುತ್ತಿದ್ದನೋ ಎಂದು ಯಾರಾದರೂ ಕೇಳಿದರೆ, ಯಾವ ಕಾಲದ ಕಟ್ಟಳೆಯಂತೆ, ಎಷ್ಟು ಸುತ್ತಿಗೆ, ಯಾವ ವಯಸ್ಸಿನಲ್ಲಿ ಎಂದು ಮೊದಲು ಕೇಳಿಕೊಳ್ಳುವುದು ಲೇಸು. 1951ರಲ್ಲಿ ಮಾರ್ಸಿಯಾನೋ ಜೋ ಲೂಯಿಯನ್ನು ಎಂಟನೆಯ ಸುತ್ತಿನಲ್ಲಿ ನಿಜವಾಗಿಯೇ ಸೋಲಿಸಿದ. ಲೂಯಿಗೆ ಆಗ 37 ವರ್ಷ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ವಾದ ಅದರಿಂದಲೂ ಮುಗಿಯಲಿಲ್ಲ.