‘ಬರೆದಾಯಿತು’ ಎಂದರೇನು? ದತ್ತಸಂಚಯದಲ್ಲಿ ಓದು-ಬರೆಹದ ಕಟ್ಟಳೆಗಳು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಲು ಹೋದವರು ಅದೇ ಊರಿನ ಗುರುಬಸದಿಯನ್ನೂ ನೋಡಿ ಬರುವುದುಂಟು. ಅದಕ್ಕೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ೯ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ರಚಿಸಿದ ‘ಧವಲಾ’ ಎಂಬ ಮಹಾವ್ಯಾಖ್ಯಾನದ ತಾಳೆಯೋಲೆಯ ಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಬೆಂಕಿಯೋ ಗೆದ್ದಲೋ ಒಮ್ಮೆ ಕೈಮಾಡಿದ್ದರೆ ಆ ಗ್ರಂಥವು ಜಗತ್ತಿನಿಂದಲೇ ಮರೆಯಾಗುತ್ತಿತ್ತು. ೧೯ನೆಯ ಶತಮಾನದ ಕೊನೆಯಲ್ಲಿ ಅದನ್ನು ಪ್ರತಿಮಾಡುವ ಕೆಲಸ ಆರಂಭವಾಯಿತು. ೧೯೩೯ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಸಂಪಾದಕರಿಗೆ ಮೊದಲು ದೊರೆತುದು ಉತ್ತರದ ಊರುಗಳಲ್ಲಿದ್ದ ಪ್ರತಿಗಳು ಮಾತ್ರ. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ಹೋಲಿಸಿ ನೋಡುವ ಅವಕಾಶ ದೊರೆತಾಗ ಹಲವು ಪಾಠಗಳನ್ನು ತಿದ್ದಲು ಸಾಧ್ಯವಾಯಿತು.

ಈ ಚರಿತ್ರೆಯಲ್ಲಿ ಎರಡು ನೀತಿಗಳಿವೆ. ಒಂದೇ ಎಡೆಯಲ್ಲಿ ಇಟ್ಟ ಬರೆಹವು ಎಂದಾದರೂ ಅಳಿಯಬಹುದು. ಆದುದರಿಂದ ಪ್ರತಿಗಳು ಬೇಕು. ಪ್ರತಿಗಳು ಹಲವಾದೊಡನೆ ‘ಯಾವುದನ್ನು ಓದಬೇಕು?’ ಎಂಬ ಹೊಸ ಪ್ರಶ್ನೆ ಹುಟ್ಟುತ್ತದೆ. ಇಂದಿನ ಗಣಕಯಂತ್ರಗಳು ಕೋಟಿಗಟ್ಟಲೆ ದಾಖಲೆಗಳನ್ನು ಕಾಯುವಾಗ ಎದುರಿಸುವ ಪ್ರಶ್ನೆಯೂ ಇದೇ. ಅದಕ್ಕೆ ತಂತ್ರಜ್ಞರು ಕಂಡುಕೊಂಡ ಉತ್ತರವನ್ನು ಈ ಲೇಖನದಲ್ಲಿ ಪರಿಚಯ ಮಾಡಿಕೊಳ್ಳೋಣ.

ಆರ್.ಟಿ.ಸಿ. ಕಲಿಸುವ ಪಾಠ

ಕ್ರಮಬದ್ಧವಾಗಿ ಜೋಡಿಸಿಟ್ಟ ದಾಖಲೆಗಳ ರಾಶಿಗೆ ‘ಡೇಟಾಬೇಸ್’ ಎಂದು ಹೆಸರು. ಇದನ್ನು ನಾವು ದತ್ತಸಂಚಯ ಎನ್ನೋಣ. ನಮ್ಮ ನಾಡಿನಲ್ಲಿ ಜನಸಾಮಾನ್ಯರ ಬಾಳಿಗೆ ಅತಿ ಹತ್ತಿರವಾದ ದತ್ತಸಂಚಯವೆಂದರೆ ಕಂದಾಯ ಇಲಾಖೆಯ ‘ಭೂಮಿ’. ೨೦೦೧ರ ಹೊತ್ತಿಗೆ ಈ ಯೋಜನೆಯಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಆರ್.ಟಿ.ಸಿ.ಗಳು ಗಣಕಯಂತ್ರಕ್ಕೆ ಏರಿದವು. ಬಂಟ್ವಾಳದ ತೆಂಗಿನ ತೋಟ, ಬೆಳ್ತಂಗಡಿಯ ಅಡಿಕೆ ತೋಟಗಳೂ ಇದರಲ್ಲಿ ಸೇರಿವೆ.

ಇಲ್ಲಿ ಓದುವುದಕ್ಕೂ ಬರೆಯುವುದಕ್ಕೂ ಒಂದೇ ನಿಯಮವಿಲ್ಲ ಎಂಬುದನ್ನು ಗಮನಿಸಬೇಕು. ಯೋಜನೆಯ ಆರಂಭದಲ್ಲಿ ೧೫ ರೂಪಾಯಿ ತೆತ್ತರೆ ಯಾರು ಬೇಕಾದರೂ ತಾಲೂಕು ಕಚೇರಿಯಲ್ಲಿ ಆರ್.ಟಿ.ಸಿ.ಯ ನಕಲು ಪಡೆಯಬಹುದಾಗಿತ್ತು. ತಿದ್ದುಪಡಿ ಮಾಡಬೇಕಾದರೆ ಅಧಿಕಾರವುಳ್ಳ ನೌಕರನು ತನ್ನ ಬೆರಳಚ್ಚನ್ನು ಯಂತ್ರಕ್ಕೆ ಒಪ್ಪಿಸಬೇಕಾಗಿತ್ತು. ಹಕ್ಕು ಬದಲಾವಣೆಯ ಅರ್ಜಿ ಬಂದೊಡನೆ ಆರ್.ಟಿ.ಸಿ. ಬದಲಾಗುವುದಿಲ್ಲ; ಸಂಬಂಧಪಟ್ಟವರಿಗೆ ನೋಟೀಸು ಹೋಗಿ, ಆಕ್ಷೇಪಣೆಗೆ ಅವಕಾಶವಿದ್ದು, ಅಧಿಕಾರಿಯು ದೃಢೀಕರಿಸಿದ ಮೇಲೆಯೇ ಬದಲಾವಣೆ ಸಿದ್ಧಿಸುತ್ತದೆ. ಅಂದರೆ ‘ಬರೆಯುವುದು’ ಒಂದು ಕ್ಷಣದ ಕ್ರಿಯೆಯಲ್ಲ, ಅದಕ್ಕೆ ಹಂತಗಳಿವೆ. ಯಾವ ಹಂತವನ್ನು ‘ಬರೆದಾಯಿತು’ ಎಂದು ಒಪ್ಪಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಮೂರು ಊರು, ಮೂರು ಪ್ರತಿ

ಈಗ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಡಿಕೆ ಬೆಳೆಗಾರರ ಒಂದು ಸಹಕಾರಿ ಸಂಘಕ್ಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಒಂದೊಂದು ಕಚೇರಿಯಿದೆ. ಮೂರರಲ್ಲಿಯೂ ಗಣಕಯಂತ್ರವಿದ್ದು, ಸದಸ್ಯರ ಸಾಲ ಮತ್ತು ಠೇವಣಿಯ ಲೆಕ್ಕದ ಒಂದೊಂದು ಪ್ರತಿ ಇದೆ. ಇಷ್ಟೊಂದು ಏತಕ್ಕೆ ಎಂದು ಕೇಳಬಹುದು. ೧೯೨೩ರಲ್ಲಿಯೂ ೧೯೭೪ರಲ್ಲಿಯೂ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯನ್ನು ಮುಳುಗಿಸಿದುದನ್ನು ಆ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ. ೨೦೧೯ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯ ಕಡೆ ನೆರೆಯೂ ಭೂಕುಸಿತವೂ ಒಟ್ಟಿಗೆ ಬಂದವು. ಒಂದೂರಿನ ಯಂತ್ರ ನೀರುಪಾಲಾದರೂ ಲೆಕ್ಕ ಉಳಿಯಬೇಕು.

ಮೂರು ಕಡೆಯೂ ಮನಬಂದಂತೆ ಬರೆಯುತ್ತ ಹೋದರೆ ಲೆಕ್ಕಗಳು ಒಂದಕ್ಕೊಂದು ಕೂಡುವುದಿಲ್ಲ. ಆದುದರಿಂದ ೨೦೦೯ರಲ್ಲಿ ಬಳಕೆಗೆ ಬಂದ ಮಾಂಗೋಡಿಬಿ ಎಂಬ ದತ್ತಸಂಚಯದಲ್ಲಿ ಒಂದು ಪ್ರತಿಯನ್ನು ಪ್ರಧಾನವೆಂದು ಆರಿಸುತ್ತಾರೆ. ಬರೆಹವೆಲ್ಲ ಮೊದಲು ಪ್ರಧಾನದಲ್ಲಿ ನಡೆಯಬೇಕು. ಉಳಿದವು ಅದನ್ನು ನೋಡಿ ತಮ್ಮ ಪ್ರತಿಯನ್ನು ತಿದ್ದಿಕೊಳ್ಳುತ್ತವೆ. ನಮ್ಮ ಉದಾಹರಣೆಯಲ್ಲಿ ಬಂಟ್ವಾಳವು ಪ್ರಧಾನ, ಉಳಿದೆರಡು ಅನುಗಾಮಿಗಳು. ಪ್ರಧಾನದ ಸದ್ದಡಗಿ ಸುಮಾರು ೧೦ ಸೆಕೆಂಡು ಕಳೆದರೆ ಉಳಿದವು ತಮ್ಮೊಳಗೆ ಮತ ಹಾಕಿ ಹೊಸ ಪ್ರಧಾನವನ್ನು ಆರಿಸಿಕೊಳ್ಳುತ್ತವೆ. ಆಯ್ಕೆಗೆ ಬಹುಮತ ಬೇಕು, ಮೂರರಲ್ಲಿ ಎರಡು.

ಪ್ರಶ್ನೆಯನ್ನು ಕಟ್ಟುವ ಸಲಕರಣೆ

ದತ್ತಸಂಚಯದಿಂದ ಏನನ್ನಾದರೂ ಕೇಳುವ ಅಥವಾ ಅದರಲ್ಲಿ ಏನನ್ನಾದರೂ ಬದಲಿಸುವ ಆಜ್ಞೆಗೆ ‘ಕ್ವೆರಿ’ ಎಂದು ಹೆಸರು. ‘ಬೆಳ್ತಂಗಡಿ ಶಾಖೆಯಲ್ಲಿ ಸಾಲ ಬಾಕಿಯಿರುವ ಸದಸ್ಯರನ್ನು ಹೆಸರಿನ ಕ್ರಮದಲ್ಲಿ ತೋರಿಸು’ ಎಂಬುದು ಒಂದು ಕ್ವೆರಿ. ಇದನ್ನು ಯಂತ್ರದ ಭಾಷೆಯಲ್ಲಿ ಅಕ್ಷರ ತಪ್ಪದೆ ಬರೆಯುವುದು ತ್ರಾಸದ ಕೆಲಸ. ಆದುದರಿಂದ ತಂತ್ರಜ್ಞರು ‘ಕ್ವೆರಿ ಬಿಲ್ಡರ್’ ಎಂಬ ಸಲಕರಣೆಯನ್ನು ಸಿದ್ಧಮಾಡಿದ್ದಾರೆ. ಪಿ.ಎಚ್.ಪಿ. ಭಾಷೆಯಲ್ಲಿ ಕೆಲಸ ಮಾಡುವವರು ಬಳಸುವ ಡಾಕ್ಟ್ರಿನ್, ಲಾರಾವೆಲ್ ಮುಂತಾದವುಗಳಲ್ಲಿ ಇಂಥ ಸಲಕರಣೆಗಳಿವೆ. ಬಿಳಿಯ ಹಾಳೆಯಲ್ಲಿ ಅರ್ಜಿ ಬರೆಯುವುದಕ್ಕೂ ಅಚ್ಚಾದ ನಮೂನೆಯನ್ನು ತುಂಬುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಯಾವ ಶಾಖೆ, ಯಾವ ಷರತ್ತು, ಯಾವ ಕ್ರಮ ಎಂದು ಒಂದೊಂದಾಗಿ ತುಂಬಿದರೆ ಸಲಕರಣೆಯು ಪೂರ್ಣವಾದ ಆಜ್ಞೆಯನ್ನು ಕಟ್ಟಿಕೊಡುತ್ತದೆ.

ಈ ನಮೂನೆಯ ಅಂಚಿನಲ್ಲಿ ಇನ್ನೂ ಕೆಲವು ಕಲಮುಗಳಿವೆ. ಏನನ್ನು ಓದಬೇಕು, ಏನನ್ನು ಬರೆಯಬೇಕು ಎಂಬುದಷ್ಟೇ ಅಲ್ಲದೆ, ಎಷ್ಟು ಭರವಸೆಯಿಂದ ಓದಬೇಕು, ಬರೆಯಬೇಕು ಎಂಬುದನ್ನು ಅಲ್ಲಿ ತಿಳಿಸಬಹುದು. ಇವೇ ಓದು-ಬರೆಹದ ಕಟ್ಟಳೆಗಳು. ಹೊಸಬರು ಸಾಮಾನ್ಯವಾಗಿ ಈ ಕಲಮುಗಳನ್ನು ಖಾಲಿ ಬಿಡುತ್ತಾರೆ.

ಬರೆಯುವ ಕಟ್ಟಳೆ

ಬೆಳ್ತಂಗಡಿಯ ರೈತನೊಬ್ಬ ಬಂಟ್ವಾಳಕ್ಕೆ ಬಂದು ಸಾಲದ ಕಂತು ಕಟ್ಟುತ್ತಾನೆ ಎನ್ನೋಣ. ಗುಮಾಸ್ತನು ಲೆಕ್ಕವನ್ನು ಯಂತ್ರಕ್ಕೆ ಏರಿಸಿ ‘ಜಮಾ ಆಯಿತು’ ಎನ್ನುತ್ತಾನೆ. ಈ ಮಾತಿಗೆ ಎಷ್ಟು ಅರ್ಥಗಳಿರಬಹುದು ನೋಡಿ.

ಬಂಟ್ವಾಳದ ಯಂತ್ರವೊಂದೇ ಅದನ್ನು ಬರೆದುಕೊಂಡಿದ್ದರೆ ಸಾಕು ಎಂಬುದು ಒಂದು ಕಟ್ಟಳೆ. ಇದನ್ನು ೧ ಎಂಬ ಅಂಕೆಯಿಂದ ಸೂಚಿಸುತ್ತಾರೆ. ಮರುಕ್ಷಣದಲ್ಲಿ ಬಂಟ್ವಾಳದ ಸಂಪರ್ಕ ಕಡಿದುಹೋಯಿತು ಎಂದುಕೊಳ್ಳೋಣ. ಕಂತಿನ ಸುದ್ದಿ ಇನ್ನೂ ಹೊರಗೆ ಹೋಗಿಲ್ಲ. ಬೆಳ್ತಂಗಡಿ, ಮೂಡುಬಿದಿರೆಗಳು ಸೇರಿ ಮೂಡುಬಿದಿರೆಯನ್ನು ಪ್ರಧಾನವಾಗಿ ಆರಿಸುತ್ತವೆ, ವ್ಯವಹಾರ ಮುಂದುವರಿಯುತ್ತದೆ. ಬಂಟ್ವಾಳವು ಮರಳಿ ಬಂದಾಗ ಬಹುಮತದ ಲೆಕ್ಕಕ್ಕೆ ತಲೆಬಾಗಿ ತನ್ನಲ್ಲಿ ಮಾತ್ರ ಇದ್ದ ಬರೆಹವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಆ ಬರೆಹವು ಬೇರೊಂದು ಕಡತದಲ್ಲಿ ಎತ್ತಿಡಲ್ಪಟ್ಟರೂ ಲೆಕ್ಕಕ್ಕೆ ಸೇರುವುದಿಲ್ಲ. ರೈತನ ಕೈಯಲ್ಲಿ ರಸೀದಿಯಿದೆ, ಸಂಘದ ಲೆಕ್ಕದಲ್ಲಿ ಕಂತು ಇಲ್ಲ! ಯಂತ್ರ ಸುಳ್ಳು ಹೇಳಲಿಲ್ಲ. ಅದು ಹೇಳಿದ ‘ಆಯಿತು’ ಎಂಬ ಮಾತಿನ ಅರ್ಥವನ್ನು ನಾವು ಸರಿಯಾಗಿ ಕೇಳಿರಲಿಲ್ಲ.

‘ಬಹುಮತ’ ಎಂಬುದು ಎರಡನೆಯ ಕಟ್ಟಳೆ. ಮೂರರಲ್ಲಿ ಎರಡು ಯಂತ್ರಗಳಾದರೂ ಬರೆದುಕೊಂಡ ಮೇಲೆಯೇ ‘ಆಯಿತು’ ಎಂಬ ಉತ್ತರ ಬರಬೇಕು. ಇದರ ಬಲ ಸರಳ ಗಣಿತದಲ್ಲಿದೆ. ಬರೆದುಕೊಂಡವು ಎರಡು, ಹೊಸ ಪ್ರಧಾನವನ್ನು ಆರಿಸುವವು ಎರಡು, ಇರುವುದೇ ಮೂರು. ಆದುದರಿಂದ ಎರಡೂ ಗುಂಪಿಗೆ ಸೇರಿದ ಯಂತ್ರ ಒಂದಾದರೂ ಇದ್ದೇ ಇರಬೇಕು. ತನಗಿಂತ ಹಳೆಯ ಲೆಕ್ಕವುಳ್ಳ ಉಮೇದುವಾರನಿಗೆ ಅದು ಮತ ಹಾಕುವುದಿಲ್ಲ. ಹೀಗೆ ರೈತನ ಕಂತು ಉಳಿಯುತ್ತದೆ.

ಇದರೊಡನೆ ಇನ್ನೆರಡು ಕಲಮುಗಳಿವೆ. ಬರೆಹವು ಯಂತ್ರದ ಚಂಚಲ ನೆನಪಿನಲ್ಲಿದ್ದರೆ ಸಾಲದು, ಡಿಸ್ಕಿನ ದಿನಚರಿಗೆ ಇಳಿದಿರಬೇಕು ಎಂದು ಕೇಳಬಹುದು. ವಿದ್ಯುತ್ತು ಕೈಕೊಟ್ಟರೂ ಅಳಿಯದಿರಲೆಂದು ಈ ಏರ್ಪಾಡು. ಎಷ್ಟು ಹೊತ್ತು ಕಾಯಬೇಕು ಎಂಬ ಗಡುವನ್ನೂ ಕೊಡಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಡುವು ಮೀರಿತೆಂದು ಯಂತ್ರ ತಿಳಿಸಿದರೆ ಬರೆಹವು ರದ್ದಾಯಿತೆಂದು ಅರ್ಥವಲ್ಲ. ಬೇಡಿದ ಭರವಸೆ ಸಮಯಕ್ಕೆ ದೊರೆಯಲಿಲ್ಲವೆಂದಷ್ಟೇ ಅರ್ಥ. ಇದನ್ನರಿಯದೆ ಕಂತನ್ನು ಮತ್ತೊಮ್ಮೆ ಬರೆದರೆ ಒಂದೇ ಹಣ ಎರಡು ಬಾರಿ ಜಮೆಯಾದೀತು.

ಓದುವ ಕಟ್ಟಳೆ

ಓದುವಾಗ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದು, ಯಾವ ಪ್ರತಿಯನ್ನು ಓದಬೇಕು? ಪ್ರಧಾನವನ್ನೇ, ಸಾಧ್ಯವಾದರೆ ಪ್ರಧಾನ, ಇಲ್ಲವಾದರೆ ಅನುಗಾಮಿ, ಅನುಗಾಮಿಯನ್ನೇ, ಸಾಧ್ಯವಾದರೆ ಅನುಗಾಮಿ, ಇಲ್ಲವಾದರೆ ಪ್ರಧಾನ, ಯಾವುದು ಬೇಗ ಉತ್ತರ ಕೊಡುವಷ್ಟು ಹತ್ತಿರವಿದೆಯೋ ಅದು. ಹೀಗೆ ಐದು ಆಯ್ಕೆಗಳಿವೆ. ಅನುಗಾಮಿಯನ್ನು ಓದಿದರೆ ಪ್ರಧಾನದ ಹೊರೆ ಇಳಿಯುತ್ತದೆ. ಆದರೆ ಅನುಗಾಮಿಯು ಪ್ರಧಾನಕ್ಕಿಂತ ಸ್ವಲ್ಪ ಹಿಂದುಳಿದಿರಬಹುದು. ಬಂಟ್ವಾಳ ಮತ್ತು ಮೂಡುಬಿದಿರೆಗಳು ಬರೆದುಕೊಂಡು ಬಹುಮತವಾದರೂ ಬೆಳ್ತಂಗಡಿಗೆ ಸುದ್ದಿ ತಲಪದಿರಬಹುದು. ಆಗ ರೈತನು ತನ್ನೂರಿನ ಕಚೇರಿಗೆ ಬಂದು ಕೇಳಿದರೆ ಬಾಕಿ ಹಾಗೆಯೇ ಕಾಣುತ್ತದೆ. ತಾನು ಬರೆದುದನ್ನು ತಾನೇ ಓದಬೇಕಾದಲ್ಲಿ ಪ್ರಧಾನವನ್ನು ಓದುವುದು ಕ್ಷೇಮ. ಲಾರಾವೆಲ್‌ನಲ್ಲಿ ಇದಕ್ಕೆಂದೇ ‘ಸ್ಟಿಕಿ’ ಎಂಬ ಆಯ್ಕೆಯಿದೆ. ಒಂದು ವ್ಯವಹಾರದೊಳಗೆ ಒಮ್ಮೆ ಬರೆದ ಮೇಲೆ ಉಳಿದ ಓದೆಲ್ಲವೂ ಬರೆದ ಯಂತ್ರದಿಂದಲೇ ನಡೆಯುವಂತೆ ಅದು ನೋಡಿಕೊಳ್ಳುತ್ತದೆ.

ಎರಡನೆಯ ಪ್ರಶ್ನೆ, ಆ ಪ್ರತಿಯಲ್ಲಿರುವ ಯಾವ ಬರೆಹವನ್ನು ನಂಬಬೇಕು? ಕಣ್ಣೆದುರಿಗಿರುವುದನ್ನೆಲ್ಲ ಓದು ಎನ್ನುವುದು ‘ಲೋಕಲ್’ ಕಟ್ಟಳೆ. ಅದರಲ್ಲಿ ಮುಂದೆ ಹಿಂತೆಗೆಯಲ್ಪಡಬಹುದಾದ ಬರೆಹವೂ ಇರಬಹುದು. ಬಹುಮತ ಪಡೆದುದನ್ನು ಮಾತ್ರ ಓದು ಎನ್ನುವುದು ಇನ್ನೊಂದು ಕಟ್ಟಳೆ. ಆರ್.ಟಿ.ಸಿ.ಯ ಮಾತನ್ನು ನೆನೆಯೋಣ. ಸಾಲ ಕೊಡುವವನು ಅರ್ಜಿಯ ಹಂತದಲ್ಲಿರುವ ಹಕ್ಕು ಬದಲಾವಣೆಯನ್ನು ನಂಬುವನೇ? ಅಧಿಕಾರಿಯು ದೃಢೀಕರಿಸಿದುದನ್ನಷ್ಟೇ ನಂಬುವನು. ಹೀಗೆ ಓದಿದುದು ಕೊಂಚ ಹಳೆಯದಿರಬಹುದು. ಆದರೆ ಮುಂದೆ ಸುಳ್ಳಾಗಿ ಹೋಗುವಂಥದಲ್ಲ.

ಭರವಸೆಯ ಬೆಲೆ

ಹಾಗಾದರೆ ಯಾವಾಗಲೂ ಅತ್ಯಂತ ಕಟ್ಟುನಿಟ್ಟಾದ ಕಟ್ಟಳೆಯನ್ನೇ ಏಕೆ ಹಾಕಬಾರದು? ಉತ್ತರವನ್ನು ಭೌತವಿಜ್ಞಾನವೇ ಕೊಡುತ್ತದೆ. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು. ಬಂಟ್ವಾಳದಿಂದ ಮೂಡುಬಿದಿರೆಗೆ ತಂತಿಯ ಉದ್ದವನ್ನು ೩೦ ಕಿಲೋಮೀಟರೆಂದು ಇಟ್ಟುಕೊಂಡರೆ, ಸುದ್ದಿ ಹೋಗಿ ಒಪ್ಪಿಗೆ ಬರಲು ಕನಿಷ್ಠ ೦.೦೦೦೩ ಸೆಕೆಂಡು ಬೇಕು. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಯಂತ್ರವು ತನ್ನ ನೆನಪಿನ ಕೋಶವೊಂದನ್ನು ಮುಟ್ಟಲು ತೆಗೆದುಕೊಳ್ಳುವುದು ಸೆಕೆಂಡಿನ ಕೋಟಿಯಲ್ಲೊಂದು ಅಂಶದಷ್ಟು ಕಾಲ. ಈ ಲೆಕ್ಕದಲ್ಲಿ ಮೂಡುಬಿದಿರೆಯ ಒಪ್ಪಿಗೆಗೆ ಅದರ ೩೦೦೦ ಪಟ್ಟು ಕಾಯಬೇಕು. ನಿಮಿಷಕ್ಕೆ ೭೨೦೦ ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗವು ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸೆಕೆಂಡಿನ ೨೪೦ರಲ್ಲೊಂದು ಅಂಶ ಹಿಡಿಯುತ್ತದೆ. ಭರವಸೆಯನ್ನು ನಾವು ಕಾಲದ ನಾಣ್ಯದಲ್ಲಿಯೇ ಕೊಳ್ಳಬೇಕು. ಬೆಳಕಿನ ವೇಗವನ್ನು ಮೀರಿ ಚೌಕಾಶಿ ಮಾಡಲು ಯಾರಿಂದಲೂ ಆಗದು.

ಕಾಲವಲ್ಲದೆ ಇನ್ನೊಂದು ಬೆಲೆಯೂ ಇದೆ. ಮೂರೂ ಯಂತ್ರಗಳು ಒಪ್ಪಲೇಬೇಕೆಂದು ಪಟ್ಟು ಹಿಡಿದರೆ ಒಂದೇ ಒಂದು ಕೆಟ್ಟುನಿಂತರೂ ವ್ಯವಹಾರ ನಿಲ್ಲುತ್ತದೆ. ಬಹುಮತವು ಈ ಎರಡು ಅತಿಗಳ ನಡುವಿನ ಹಾದಿ.

ಹೇಳದೆ ಬಿಟ್ಟರೆ

ಕಲಮನ್ನು ಖಾಲಿ ಬಿಟ್ಟರೆ ಏನಾಗುತ್ತದೆ? ಸಲಕರಣೆ ಸುಮ್ಮನಿರುವುದಿಲ್ಲ, ತಯಾರಿಸಿದವರು ಇಟ್ಟ ರೂಢಿಯ ಕಟ್ಟಳೆ ಅನ್ವಯವಾಗುತ್ತದೆ. ಆ ರೂಢಿಯಾದರೋ ಕಾಲಕಾಲಕ್ಕೆ ಬದಲಾಗಿದೆ. ಮಾಂಗೋಡಿಬಿಯಲ್ಲಿ ೨೦೧೨ರ ಕೊನೆಯವರೆಗೆ, ಬರೆಹವನ್ನು ಕಳಿಸಿದ ಮೇಲೆ ಉತ್ತರಕ್ಕೆ ಕಾಯದಿರುವುದೇ ರೂಢಿಯಾಗಿತ್ತು. ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿ ‘ತಲಪಿತು’ ಎಂದುಕೊಂಡಂತೆ! ಬಳಿಕ ಒಂದು ಯಂತ್ರದ ಒಪ್ಪಿಗೆ ರೂಢಿಯಾಯಿತು. ೨೦೨೧ರಲ್ಲಿ ಬಂದ ೫.೦ ಆವೃತ್ತಿಯಿಂದ ಬಹುಮತವು ರೂಢಿಯಾಯಿತು. ಒಂದೇ ಕ್ವೆರಿ ಈ ಮೂರು ಕಾಲಗಳಲ್ಲಿ ಮೂರು ಬಗೆಯ ಭರವಸೆ ಕೊಟ್ಟಿತೆಂದಾಯಿತು.

ಆದುದರಿಂದ ಪ್ರತಿಯೊಂದು ಕ್ವೆರಿಯನ್ನು ಕಟ್ಟುವಾಗಲೂ, ಇದು ತಪ್ಪಿದರೆ ನಷ್ಟ ಯಾರಿಗೆ ಎಂದು ಕೇಳಿಕೊಳ್ಳಬೇಕು. ಸಂಘದ ಬಾಗಿಲಿನ ಹಲಗೆಯಲ್ಲಿ ತೋರಿಸುವ ಸದಸ್ಯರ ಒಟ್ಟು ಸಂಖ್ಯೆಯನ್ನು ಹತ್ತಿರದ ಯಂತ್ರದಿಂದ ಓದಿದರೆ ಕೊರತೆಯಿಲ್ಲ. ಒಂದೆರಡು ಹೆಚ್ಚುಕಡಿಮೆಯಾದರೆ ಯಾರಿಗೂ ಹಾನಿಯಿಲ್ಲ. ರೈತನ ಕಂತನ್ನು ಬಹುಮತದಿಂದ ಬರೆದು ಡಿಸ್ಕಿಗೆ ಇಳಿಸಲೇಬೇಕು. ಅವನ ಬಾಕಿಯನ್ನು ಪ್ರಧಾನದಿಂದ ಓದಲೇಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಇಂಥ ಲೆಕ್ಕಗಳನ್ನು ಕಾಯುವ ಕೆಲಸಕ್ಕೆ ಹೋಗುವವರು. ಮೂಡುಬಿದಿರೆಯ ಓಲೆಗಳನ್ನು ಪ್ರತಿಮಾಡಿದವರೂ ಪ್ರತಿಗಳನ್ನು ಮೂಲದೊಡನೆ ಹೋಲಿಸಿದವರೂ ವರ್ಷಗಟ್ಟಲೆ ದುಡಿದು ಪಡೆದ ಭರವಸೆಯನ್ನು ಇಂದು ಒಂದು ಕಲಮನ್ನು ತುಂಬಿ ಪಡೆಯಬಹುದಾಗಿದೆ. ಅದನ್ನು ಖಾಲಿ ಬಿಡದಿರುವ ಜವಾಬ್ದಾರಿ ಮಾತ್ರ ಯಂತ್ರದ್ದಲ್ಲ, ನಮ್ಮದು.