ಉರಿಯುವ ದೀಪ, ತಿರುಗದ ಎಂಜಿನ್

ಕಾರಿನ ದೀಪಗಳು ಚೆನ್ನಾಗಿ ಉರಿಯುತ್ತಿವೆ, ಹಾರ್ನು ಕೂಗುತ್ತಿದೆ. ಆದರೆ ಕೀಲಿಯನ್ನು ತಿರುಗಿಸಿದೊಡನೆ ಎಂಜಿನ್ ನರಳಿ ಸುಮ್ಮನಾಗುತ್ತದೆ, ದೀಪಗಳೂ ಮಂಕಾಗುತ್ತವೆ. ದೋಷ ಎಲ್ಲಿರಬಹುದು? ವಾಚಕರು ಮುಂದೆ ಓದುವ ಮೊದಲು ಕ್ಷಣಕಾಲ ಯೋಚಿಸಲಿ.

ಹಳಿಯಾಳ ತಾಲ್ಲೂಕಿನ ತೇರಗಾಂವದಲ್ಲಿ ಒಂದು ಮಳೆಗಾಲದಲ್ಲಿ ನಮಗೆ ಒದಗಿದ ಸಮಸ್ಯೆಯಿದು. ಗ್ಯಾರೇಜೊಂದರವರು ಬಂದು ನೋಡಿ, “ಬ್ಯಾಟ್ರಿ ಹೋಗೇತ್ರಿ ಸರ್” ಎಂದರು. ಹೊಸ ಬ್ಯಾಟರಿ ಬಂದಿತು. ನಾಲ್ಕು ದಿನ ನಡೆದ ಕಾರು ಐದನೆಯ ದಿನ ಮತ್ತೆ ನರಳಿತು. ವಾರಗಟ್ಟಲೆ ಕಾಯಿಸಿ ಸ್ಟಾರ್ಟರ್ ಮೋಟಾರನ್ನು ಬದಲಾಯಿಸಿದರು; ಫಲ ಅದೇ. ಹಳೆಯ ಭಾಗಗಳನ್ನು ಹಿಂದಿರುಗಿಸಲಿಲ್ಲ, ರಸೀದಿಯನ್ನೂ ಕೊಡಲಿಲ್ಲ. ಏನನ್ನು ಅಳೆದು ನೋಡಿದಿರಿ ಎಂದು ಕೇಳಿದ್ದಕ್ಕೆ, “ನೀವು ಕಾಲೇಜಿನ್ಯಾಗ ಪಾಠ ಹೇಳ್ರಿ, ಗಾಡಿ ನಮಗ ಬಿಡ್ರಿ” ಎಂಬ ಉತ್ತರ ದೊರೆಯಿತು.

ಕೊನೆಗೆ ಊರಿನಲ್ಲಿ ಟ್ರಾಕ್ಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಬಂದರು. ನಮ್ಮಿಂದ ಎರಡು ಮೂರು ಸಲ ಕೀಲಿ ತಿರುಗಿಸಿಸಿ, ಬ್ಯಾಟರಿಯ ಋಣ ತಂತಿಯನ್ನು ಕಾರಿನ ಒಡಲಿಗೆ ಬಿಗಿದ ಬೋಲ್ಟನ್ನು ಮುಟ್ಟಿದರು. “ಮುಟ್ಟಿ ನೋಡ್ರಿ ಮಾಸ್ತರ, ಸುಡಾಕತ್ತೇತಿ.” ಬಿಚ್ಚಿದರೆ ಒಳಗೆಲ್ಲ ತುಕ್ಕು. ಮರಳು ಕಾಗದದಿಂದ ಉಜ್ಜಿ ಬಿಗಿದೊಡನೆ ಎಂಜಿನ್ ಗರ್ಜಿಸಿತು!

ಇದರ ಮರ್ಮ 1827ರಲ್ಲಿ ಓಮ್ ಪ್ರಕಟಿಸಿದ ನಿಯಮದಲ್ಲಿದೆ. ತುಕ್ಕಿನ ರೋಧ 0.05 ಓಮ್ ಎಂದು ಭಾವಿಸೋಣ. ಎರಡು ದೀಪಗಳಿಗೆ ಬೇಕಾದ ಪ್ರವಾಹ ಸುಮಾರು 10 ಆಂಪಿಯರ್. ಆಗ ತುಕ್ಕಿನಲ್ಲಿ ನಷ್ಟವಾಗುವುದು 0.5 ವೋಲ್ಟ್ ಮಾತ್ರ, 12ರಲ್ಲಿ 11.5 ವೋಲ್ಟ್ ಉಳಿಯುವುದರಿಂದ ದೀಪ ಉರಿಯುತ್ತದೆ. ಆದರೆ ಸ್ಟಾರ್ಟರಿಗೆ ನೂರಾರು ಆಂಪಿಯರ್ ಬೇಕು. 100 ಆಂಪಿಯರ್ ಹರಿದರೂ ಸಾಕು, 5 ವೋಲ್ಟ್ ತುಕ್ಕಿನಲ್ಲೇ ವ್ಯಯವಾಗುತ್ತದೆ. ಉಳಿದುದರಿಂದ ಎಂಜಿನ್ ತಿರುಗದು. ಅದೇ ಬೋಲ್ಟನ್ನು ಆಶ್ರಯಿಸಿದ ದೀಪಗಳೂ ಮಂಕಾಗುತ್ತವೆ. ಬ್ಯಾಟರಿ ದುರ್ಬಲವಾದಾಗಲೂ ಇದೇ ಲಕ್ಷಣ ತೋರುವುದರಿಂದ ಗ್ಯಾರೇಜಿನವರ ಮೊದಲ ಊಹೆ ಅಸಂಗತವಲ್ಲ. ಪರೀಕ್ಷಿಸದೆ ಹಣ ವಸೂಲು ಮಾಡಿದುದು ತಪ್ಪು.

5 ವೋಲ್ಟನ್ನು 100 ಆಂಪಿಯರಿನಿಂದ ಗುಣಿಸಿದರೆ 500 ವಾಟ್: ಒಂದು ಸಣ್ಣ ಇಸ್ತ್ರಿಪೆಟ್ಟಿಗೆಯ ಶಕ್ತಿ! ಬೋಲ್ಟು ಬಿಸಿಯಾದುದರಲ್ಲಿ ಆಶ್ಚರ್ಯವೇನು? ಕೀಲಿ ತಿರುಗಿಸುವಾಗ ಬ್ಯಾಟರಿಯ ಋಣ ತುದಿಗೂ ಕಾರಿನ ಒಡಲಿಗೂ ನಡುವೆ ವೋಲ್ಟ್‌ಮಾಪಕವನ್ನು ಹಿಡಿದಿದ್ದರೆ ದೋಷ ಒಂದು ನಿಮಿಷದಲ್ಲಿ ಬಯಲಾಗುತ್ತಿತ್ತು. ಪ್ರತಿವರ್ಷ ಓಮನ ನಿಯಮವನ್ನು ಬೋಧಿಸುವ ನಮಗೂ ಅದು ಹೊಳೆಯಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ.

ಗ್ರಾಹಕನಿಗೆ ಕಾನೂನಿನ ಬಲವೂ ಉಂಟು. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಕಾಯಿದೆ ಬಂದಿದೆ. ಇದರ ಪ್ರಕಾರ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಸೇವೆಯ ಕೊರತೆಗಾಗಿ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಆದರೆ ದೂರಿಗೆ ಆಧಾರ ಬೇಕಷ್ಟೆ. ಆದುದರಿಂದ ಅಂದಾಜನ್ನು ಬರೆಸಿಕೊಳ್ಳಿರಿ, ಹಳೆಯ ಭಾಗವನ್ನು ಕೇಳಿ ಪಡೆಯಿರಿ, “ಏನನ್ನು ಅಳೆದಿರಿ?” ಎಂದು ಸಂಕೋಚವಿಲ್ಲದೆ ಪ್ರಶ್ನಿಸಿರಿ. ಪ್ರಯೋಗಶಾಲೆಯಲ್ಲಿ ಕಲಿತ ಈ ಪ್ರಶ್ನೆ ಬೀದಿಯಲ್ಲಿಯೂ ಉಪಯೋಗಕ್ಕೆ ಬರುತ್ತದೆ.