ಸ್ವಿಚ್ ಆಫ್ ಆದ ಮೇಲೂ ತಿರುಗುವ ಯಂತ್ರ: ದಂತ ಮಿಲ್ಲಿಂಗ್ ಉದಾಹರಣೆಯಿಂದ ಜಡತ್ವದ ಪಾಠ

9ನೇ ತರಗತಿಯಲ್ಲಿ ಜಡತ್ವವನ್ನು ಬೋಧಿಸುವಾಗ ಬಸ್ಸಿನ ಉದಾಹರಣೆ ಕೊಡುವುದು ವಾಡಿಕೆ. ಬ್ರೇಕ್ ಹಾಕಿದಾಗ ಪ್ರಯಾಣಿಕರು ಮುಂದಕ್ಕೆ ಬಾಗುತ್ತಾರೆ ಎನ್ನುತ್ತೇವೆ. ಉದಾಹರಣೆ ಸರಿಯೇ. ಆದರೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಯ ಊರು. ಇಲ್ಲಿ ಗೂಡಿನ ಮಾರುಕಟ್ಟೆ ಇದೆ, ನೂಲು ಬಿಚ್ಚಾಣಿಕೆ ನಡೆಯುತ್ತದೆ. ಹತ್ತಿರದ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳಿವೆ. ತಿರುಗುವ ಯಂತ್ರಗಳ ಆಸುಪಾಸಿನಲ್ಲಿ ಬೆಳೆಯುವ ಮಕ್ಕಳಿಗೆ ಜಡತ್ವವು ಕೈಬೆರಳಿನ ಸುರಕ್ಷತೆಯ ಪ್ರಶ್ನೆಯೂ ಹೌದು. ‘ಸ್ವಿಚ್ ಆಫ್ ಮಾಡಿದರೆ ಯಂತ್ರ ನಿಂತಂತೆ’ ಎಂಬ ತಪ್ಪು ಕಲ್ಪನೆಯನ್ನು ಈ ಘಟಕದಲ್ಲೇ ತಿದ್ದಬೇಕು. ಅದಕ್ಕೆ ದಂತ ಮಿಲ್ಲಿಂಗ್ ಯಂತ್ರ ಉತ್ತಮ ಉದಾಹರಣೆ. ‘ನಿಲ್ಲಿಸುವುದು’ ಎಂಬ ಒಂದೇ ಮಾತಿಗೆ ಅಲ್ಲಿ ಮೂರು ಅರ್ಥಗಳಿವೆ.

ಯಂತ್ರದ ಪರಿಚಯ

ಹಲ್ಲಿಗೆ ಹಾಕುವ ಕ್ಯಾಪನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ, ಗಟ್ಟಿ ವಸ್ತುವಿನಿಂದ ಕೊರೆದು ತೆಗೆಯುವ ಯಂತ್ರವಿದು. 1985ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇಂಥ ವಿಧಾನದಿಂದ ರೋಗಿಯೊಬ್ಬರ ಹಲ್ಲಿಗೆ ಮೊದಲ ಬಾರಿ ತುಂಡು ತಯಾರಿಸಿ ಕೂರಿಸಲಾಯಿತು. ಇಂದು ಲ್ಯಾಬುಗಳಲ್ಲಿ ಹೆಚ್ಚಾಗಿ ಬಳಸುವುದು ಜಿರ್ಕೋನಿಯಾದ ಬಿಲ್ಲೆ. ಕೊರೆದ ಕ್ಯಾಪನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದು ಕುಗ್ಗುತ್ತದೆ. ಹಾಗಾಗಿ ಶೇ. 20ರಿಂದ 25ರಷ್ಟು ದೊಡ್ಡದಾಗಿಯೇ ಕೊರೆಯುತ್ತಾರೆ.

ಕೊರೆಯುವ ಚಿಕ್ಕ ಉಪಕರಣಕ್ಕೆ ಬರ್ ಎನ್ನುತ್ತಾರೆ. ಹಲವು ಯಂತ್ರಗಳಲ್ಲಿ ಅದು ನಿಮಿಷಕ್ಕೆ 60,000 ಸುತ್ತಿನವರೆಗೆ ತಿರುಗಬಲ್ಲದು. ಮಕ್ಕಳಿಂದ ಲೆಕ್ಕ ಮಾಡಿಸಬಹುದು: ಸೆಕೆಂಡಿಗೆ 1000 ಸುತ್ತು, ಬರ್‌ನ ವ್ಯಾಸ 2 ಮಿ.ಮೀ. ಆದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 6.28 ಮೀಟರ್, ಅಂದರೆ ಗಂಟೆಗೆ 22 ಕಿ.ಮೀ.ಗಿಂತ ಹೆಚ್ಚು.

ಓಡಿಸುವ ಮುನ್ನ

ಬಿಲ್ಲೆಯನ್ನು ಹಿಡಿದ ತಿರುಪು ಬಿಗಿಯಾಗಿದೆಯೇ? ಸರಿಯಾದ ಬರ್ ಸರಿಯಾದ ಸ್ಥಾನದಲ್ಲಿದೆಯೇ? ಅದು ಸವೆದಿಲ್ಲ ತಾನೆ? ಬಿಲ್ಲೆಯ ಮೇಲೆ ಬರೆದ ಕುಗ್ಗುವಿಕೆಯ ಪ್ರಮಾಣವನ್ನೇ ಕಂಪ್ಯೂಟರಿಗೆ ಕೊಟ್ಟಿದೆಯೇ? ದೂಳು ಎಳೆಯುವ ಸಾಧನ ಚಾಲೂ ಆಗಿದೆಯೇ? ಬಾಗಿಲು ಮುಚ್ಚಿದೆಯೇ? ಇಷ್ಟನ್ನು ನೋಡಿಕೊಂಡ ಮೇಲೆಯೇ ಚಾಲನೆ. ಮೊದಲ ಕೆಲವು ನಿಮಿಷ ಹತ್ತಿರವಿದ್ದು ಸದ್ದು ಕೇಳಬೇಕು. ಸದ್ದು ಬದಲಾದರೆ ಏನೋ ಕೆಟ್ಟಿದೆ ಎಂದರ್ಥ.

ನಿಲ್ಲಿಸುವ ಮೂರು ಬಗೆ

1. ತಾತ್ಕಾಲಿಕ ತಡೆ. ಯಂತ್ರವು ಬರ್ ಅನ್ನು ವಸ್ತುವಿನಿಂದ ಹೊರಗೆಳೆದು ತಿರುಗುವಿಕೆಯನ್ನು ನಿಲ್ಲಿಸುತ್ತದೆ. ಎಲ್ಲಿ ನಿಂತಿತೋ ಅಲ್ಲಿಂದಲೇ ಕೆಲಸ ಮುಂದುವರಿಸಬಹುದು. ದೂಳು ಕಟ್ಟಿಕೊಂಡಂಥ ಸಣ್ಣ ತೊಂದರೆಗೆ ಇದು ಸಾಕು.

2. ಕೆಲಸ ರದ್ದು. ಬರ್ ತನ್ನ ಸ್ಥಾನಕ್ಕೆ ಮರಳುತ್ತದೆ. ಉಳಿದ ಕೆಲಸ ಕೈಬಿಟ್ಟಂತೆ. ಅರ್ಧ ಕೊರೆದ ಜಾಗವನ್ನು ‘ಬಳಸಿದ ಜಾಗ’ ಎಂದು ಕಂಪ್ಯೂಟರಿನಲ್ಲಿ ಗುರುತಿಸಿದ ನಂತರವೇ ಅದೇ ಬಿಲ್ಲೆಯಲ್ಲಿ ಮುಂದಿನ ಕೆಲಸ.

3. ತುರ್ತು ನಿಲುಗಡೆ. ಹಳದಿ ಹಿನ್ನೆಲೆಯ ಮೇಲಿನ ಕೆಂಪು ಗುಂಡಿ ಇದಕ್ಕೆ. ವ್ಯಕ್ತಿಗೆ ಅಪಾಯವಿದ್ದಾಗ ಒಂದು ಕ್ಷಣವೂ ಯೋಚಿಸದೆ ಇದನ್ನೇ ಒತ್ತಬೇಕು. ಕ್ಯಾಪ್ ಹಾಳಾದರೆ ಇನ್ನೊಂದು ಮಾಡಬಹುದು. ಆದರೆ ಬರ್ ವಸ್ತುವಿನೊಳಗೇ ಸಿಕ್ಕಿಕೊಂಡಿರಬಹುದು. ಅದನ್ನು ನೋಡದೆ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಬರ್ ಮುರಿಯುತ್ತದೆ. ಗುಂಡಿಯನ್ನು ಬಿಡಿಸುವ ಮುನ್ನ ಕಾರಣವನ್ನು ಸರಿಪಡಿಸಿರಬೇಕು.

ಜಡತ್ವ ಕಾಣುವುದು ಇಲ್ಲಿ. ಮೊದಲ ಎರಡರಲ್ಲಿ ಮೋಟಾರಿಗೆ ವಿದ್ಯುತ್ ಇರುತ್ತದೆ. ಆ ವಿದ್ಯುತ್ತಿನಿಂದಲೇ ಯಂತ್ರ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ತನ್ನು ಒಮ್ಮೆಲೇ ಕಡಿದುಬಿಟ್ಟರೆ, ಬೇರೆ ಬ್ರೇಕ್ ಇಲ್ಲದ ಯಂತ್ರದಲ್ಲಿ, ಘರ್ಷಣೆಯೊಂದೇ ಅದನ್ನು ನಿಲ್ಲಿಸಬೇಕು. ಅಲ್ಲಿಯವರೆಗೆ ಅದು ತಿರುಗುತ್ತಲೇ ಇರುತ್ತದೆ. ಕರೆಂಟ್ ಹೋದಾಗಲೂ ಹೀಗೆಯೇ. ಯುಪಿಎಸ್ ಇಡುವುದರ ಒಂದು ಉದ್ದೇಶ ಯಂತ್ರಕ್ಕೆ ಕ್ರಮವಾಗಿ ನಿಲ್ಲಲು ಸಮಯ ಕೊಡುವುದು. ಮಿಕ್ಸಿಯ ಸ್ವಿಚ್ ಆನ್ ಇದ್ದಾಗಲೇ ಕರೆಂಟ್ ಹೋಗಿ ಬಂದರೆ ಏನಾಗುತ್ತದೆಂದು ಮಕ್ಕಳನ್ನು ಕೇಳಿ. ಕರೆಂಟ್ ಬಂದೊಡನೆ ಯಂತ್ರ ತಾನಾಗಿ ಓಡಬಾರದೇಕೆ ಎಂದು ಅವರೇ ಹೇಳುತ್ತಾರೆ.

ತರಗತಿಯ ಚಟುವಟಿಕೆ

ಇದಕ್ಕೆ ಮಿಲ್ಲಿಂಗ್ ಯಂತ್ರ ಬೇಕಿಲ್ಲ, ಒಂದು ಸೈಕಲ್ ಸಾಕು. ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಶಿಕ್ಷಕರೇ ಪೆಡಲ್ ತುಳಿಸಿ ಹಿಂದಿನ ಚಕ್ರವನ್ನು ತಿರುಗಿಸಲಿ. ಮಕ್ಕಳು ದೂರ ನಿಂತು, ಪೆಡಲ್ ನಿಲ್ಲಿಸಿದ ಮೇಲೆ ಚಕ್ರ ನಿಲ್ಲಲು ಎಷ್ಟು ಸೆಕೆಂಡ್ ಬೇಕೆಂದು ಅಳೆಯಲಿ. ಅಷ್ಟೇ ವೇಗದಲ್ಲಿ ಮತ್ತೆ ತಿರುಗಿಸಿ, ಈ ಬಾರಿ ಬ್ರೇಕ್ ಹಿಡಿದು ಅಳೆಸಿ. ಪೆಡಲ್ ನಿಲ್ಲಿಸುವುದು ವಿದ್ಯುತ್ ಕಡಿದಂತೆ, ಬ್ರೇಕ್ ಹಿಡಿಯುವುದು ಕ್ರಮಬದ್ಧ ನಿಲುಗಡೆಯಂತೆ. ಎರಡು ಅಳತೆಗಳನ್ನು ಕೋಷ್ಟಕದಲ್ಲಿ ಬರೆಸಿದ ನಂತರವೇ ‘ಜಡತ್ವ’ ಪದವನ್ನು ಪರಿಚಯಿಸಿದರೆ, ವ್ಯಾಖ್ಯೆಯನ್ನು ಮಕ್ಕಳೇ ಕಟ್ಟುತ್ತಾರೆ.

ಮೌಲ್ಯಮಾಪನ

‘ಜಡತ್ವ ಎಂದರೇನು?’ ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಬರಬಹುದು. ಅದರ ಬದಲು ಹೀಗೆ ಕೇಳಬಹುದು: ‘ಹುರಿ ಯಂತ್ರದ ಸ್ವಿಚ್ ಆರಿಸಲಾಗಿದೆ. ಎಳೆ ಕಡಿದಿದೆ. ಕೈ ಹಾಕುವ ಮುನ್ನ ಏನನ್ನು ಖಚಿತಪಡಿಸಿಕೊಳ್ಳುವಿರಿ? ಏಕೆ?’ 1948ರ ಕಾರ್ಖಾನೆಗಳ ಕಾಯ್ದೆ ಯಂತ್ರಗಳಿಗೆ ರಕ್ಷಣಾ ಬೇಲಿಯನ್ನೂ ತುರ್ತಾಗಿ ವಿದ್ಯುತ್ ಕಡಿಯುವ ಸಾಧನವನ್ನೂ ಕಡ್ಡಾಯ ಮಾಡಿತ್ತು. ಮನೆಯಲ್ಲಿ ಓಡುವ ಯಂತ್ರದ ಪಕ್ಕದಲ್ಲಿ ಅಂಥ ಬೇಲಿ ಇರಲಿಕ್ಕಿಲ್ಲ. ಅಲ್ಲಿ ಮಗುವನ್ನು ಕಾಯುವುದು ಅದರ ತಿಳಿವಳಿಕೆ. ‘ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ, ಮತ್ತೆ ಓಡದಂತೆ ಮೇನ್ ಸ್ವಿಚ್ ಆರಿಸಿ, ಆಮೇಲೆ ಕೈ’ ಎಂಬ ಉತ್ತರ ಬಂದರೆ ಪಾಠದ ಉದ್ದೇಶ ಈಡೇರಿದೆ.